ಮುಂದಕ್ಕೆ ಕೊಟ್ಟ ಚೆಂಡು

ಬಾದಾಮಿ
೧೮ ಮಾರ್ಚ್ ೨೦೨೫, ಮಂಗಳವಾರ

ತಮ್ಮ ಶಂಕರಲಿಂಗನಿಗೆ ಅಣ್ಣ ಅಂದಾನಪ್ಪನ ಶರಣು.

ನಾವೆಲ್ಲ ಆರಾಮ ಇದ್ದೇವೆ. ನಿನ್ನ ಮೊಣಕಾಲ ನೋವು ಹೇಗಿದೆ ಎಂದು ನೀನೇ ಹೇಳಿದರೆ ಗೊತ್ತಾಗಬೇಕು, ಹುನಗುಂದದಿಂದ ಬರುವ ಬಸ್ಸಿನವರನ್ನು ಎಷ್ಟು ಅಂತ ಕೇಳಲಿ? ದೀಪಾವಳಿಗೆ ನೀನು ಕಂಡಕ್ಟರನ ಕೈಯಲ್ಲಿ ಕಳಿಸಿದ ಅಮೀನಗಡದ ಕರದಂಟಿನ ಡಬ್ಬಿ ಮುಟ್ಟಿತು. ಆಗಲೇ ಬರೆದು ತಿಳಿಸಬೇಕಿತ್ತು, ತಿಳಿಸಲಿಲ್ಲ. ಸಿಟ್ಟು ಬಂದಿತ್ತು. ಡಬ್ಬಿಗೆ ಬಸ್ಸಿನಲ್ಲಿ ಜಾಗ ಸಿಗುತ್ತದೆ, ಇವನಿಗೆ ಸಿಗುವುದಿಲ್ಲವೇನು ಎಂದು. ಮೂರು ವರ್ಷವಾಯಿತು ನೀನು ನಮ್ಮ ಹೊಸ್ತಿಲು ತುಳಿಯದೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ ನಾನು ಬೈದು ಇಟ್ಟುಬಿಡುತ್ತೇನೆ, ಅದು ನನಗೂ ಗೊತ್ತಿದೆ. ಅದಕ್ಕೇ ಈ ಕಾಗದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ, ನಿಧಾನಕ್ಕೆ ಓದು. ಕಾಗದದಲ್ಲಿ ಬೈದರೆ ನಡುವೆ ಕತ್ತರಿಸಲು ನಿನಗೆ ಬರುವುದಿಲ್ಲ, ಅದೊಂದು ಅನುಕೂಲ.

ಆದರೆ ಇವತ್ತು ಬೈಯಲು ಕುಳಿತಿಲ್ಲ. ಮೊನ್ನೆ ಭಾನುವಾರದಿಂದ ನನ್ನ ಎದೆಯ ಮೇಲಿನ ಕಲ್ಲೊಂದು ಇಳಿದಿದೆ. ಯಾರಿಗಾದರೂ ಹೇಳಬೇಕು. ನಿನ್ನ ಅತ್ತಿಗೆಗೂ ಸೊಸೆ ಸುನಂದಾಳಿಗೂ ಹೇಳೋಣವೆಂದರೆ ಅವರು ನನ್ನ ಪಕ್ಕದಲ್ಲೇ ಕುಳಿತು ನೋಡಿದವರು. ಉಳಿದವನು ನೀನು.

ನಾವು ಮಾಳಿಗೆಯ ಮೇಲಿನ ಎರಡು ಕೋಣೆಗಳನ್ನು ಗುಡ್ಡ ಹತ್ತಲು ಬರುವ ಪರದೇಶದವರಿಗೆ ಕೊಡುವುದು ನಿನಗೆ ಗೊತ್ತು. ಮಗ ಅನಿಲ ಹೋದ ಮೇಲೆ ಸುನಂದಾ ಶುರುಮಾಡಿದ್ದು. ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳಿಗೆ ಅವರ ಸಂಗಡ ಮಾತಾಡುವುದು ಕಷ್ಟವಲ್ಲ. ಅವರು ಬರುತ್ತಾರೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಮ್ಮ ಕೆಂಪು ಬಂಡೆಗಳಿಗೆ ಹಲ್ಲಿಯ ಹಾಗೆ ಅಂಟಿಕೊಳ್ಳುತ್ತಾರೆ, ಸಂಜೆ ಇಳಿದು ಬಂದು ರೊಟ್ಟಿ ತಿಂದು ಮಲಗುತ್ತಾರೆ. ನವೆಂಬರಿನಲ್ಲಿ ಹಾಗೆ ಬಂದವರಲ್ಲಿ ಒಬ್ಬ ಗ್ರೀಸ್ ದೇಶದವನು. ಹೆಸರು ಸ್ಟಾಮಾಟಿಸ್. ವಯಸ್ಸು ಇಪ್ಪತ್ತೊಂಬತ್ತು. ನಿನ್ನ ಅತ್ತಿಗೆಯ ನಾಲಿಗೆಗೆ ಆ ಹೆಸರು ಹೊರಳಲಿಲ್ಲ, ಮೊದಲ ದಿನವೇ "ತಮ್ಮಾ" ಎಂದು ಕರೆದಳು. ಅವನೂ ಓ ಅಂದ. ಸಂಗಡ ಬಂದ ಗೆಳೆಯರು ಹಂಪಿಯ ಕಡೆ ಹೋದರು, ಇವನು ಮಾತ್ರ ಇಲ್ಲೇ ಉಳಿದ. ಗುಡ್ಡ ಹತ್ತುವುದನ್ನೂ ಬಿಟ್ಟ. ಮುಂಜಾನೆ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕುಳಿತರೆ ಮಧ್ಯಾಹ್ನ ಊಟಕ್ಕೇ ಏಳುವುದು.

ನನಗೆ ಸುಮ್ಮನೆ ಕುಳಿತವರನ್ನು ಕಂಡರೆ ಆಗುವುದಿಲ್ಲ. ಸುನಂದಾಳನ್ನು ಕೇಳಿದೆ, "ಏನವಾ, ಈ ಗ್ರೀಕಪ್ಪ ಏನ ಉದ್ಯೋಗ ಮಾಡ್ತಾನ?"

"ಮೊದಲ ಫುಟ್‌ಬಾಲ್ ಆಡ್ತಿದ್ನಂತ್ರಿ ಮಾಮಾ."

"ಈಗ?"

"ಈಗ ಏನೂ ಇಲ್ಲಂತ್ರಿ."

"ಏನೂ ಇಲ್ಲ ಅನ್ನೂದು ಒಂದ ಉದ್ಯೋಗೇನ? ಅದನ್ನ ಮಾಡಾಕ ಅಲ್ಲಿಂದ ಇಲ್ಲಿ ಮಟಾ ಬರಬೇಕಾ?"

ಅವನು ಕೇಳಿಸಿಕೊಂಡ. ಭಾಷೆ ತಿಳಿಯದಿದ್ದರೂ ಬೈದದ್ದು ತಿಳಿಯುತ್ತದೆ. ನಕ್ಕ. ಆ ನಗು ನೋಡಿ ನನಗೆ ಇನ್ನೂ ಸಿಟ್ಟು ಬಂತು, ಯಾಕೆಂದರೆ ಅದರಲ್ಲಿ ನಗು ಇರಲಿಲ್ಲ.

ಒಂದು ಸಂಜೆ ಕಾಲೇಜಿನ ಹುಡುಗರು ಆಡುತ್ತಿದ್ದ ಚೆಂಡು ಮೈದಾನ ದಾಟಿ ನಾವು ನಡೆದು ಹೋಗುತ್ತಿದ್ದ ದಾರಿಗೆ ಹಾರಿ ಬಂತು. ಶಂಕ್ರಾ, ಇವನು ಕಾಲು ಎತ್ತಿದ್ದನ್ನು ನಾನು ನೋಡಲೇ ಇಲ್ಲ. ಮುಗಿಲಿನಿಂದ ಬಿದ್ದ ಚೆಂಡು ಸಾಕಿದ ಬೆಕ್ಕಿನ ಹಾಗೆ ಅವನ ಪಾದದ ಮೇಲೆ ಮಲಗಿತು. ಹುಡುಗರು ಬಾಯಿ ತೆರೆದು ನಿಂತರು, ಕೈ ಹಿಡಿದು ಆಟಕ್ಕೆ ಎಳೆದುಕೊಂಡು ಹೋದರು. ನಾನು ಕಟ್ಟೆಯ ಮೇಲೆ ಕುಳಿತೆ. ಕುಸ್ತಿ ಬಿಟ್ಟರೆ ಬೇರೆ ಆಟ ತಿಳಿಯದವನು ನಾನು. ಆದರೂ ಒಂದು ಸಂಗತಿ ನನ್ನ ಕಣ್ಣಿಗೂ ಬಿತ್ತು. ನಾಲ್ಕು ಜನ ಮೈಮೇಲೆ ಬಿದ್ದರೂ ಚೆಂಡು ಇವನನ್ನು ಬಿಡುವುದಿಲ್ಲ. ಆದರೆ ಕೊಡುವ ಹೊತ್ತು ಬಂದಾಗ ಹಿಂದಕ್ಕೇ ಕೊಡುತ್ತಾನೆ. ಮುಂದೆ ಹುಡುಗನೊಬ್ಬ ಕೈ ಎತ್ತಿ "ಇಲ್ಲಿ, ಇಲ್ಲಿ" ಎಂದು ಕೂಗುತ್ತ ಓಡುತ್ತಿದ್ದಾನೆ, ಇವನು ಒಮ್ಮೆ ಅವನ ಕಡೆ ನೋಡಿ, ಬೆವರಿ, ಮತ್ತೆ ಹಿಂದಿನವನಿಗೆ. ಮೂವತ್ತು ವರ್ಷ ಬಸ್ಸು ಹೊಡೆದವನು ನಾನು. ಬಲಗಾಲಿಗೆ ದಿಗಿಲು ಹೊಕ್ಕ ಡ್ರೈವರನನ್ನು ನಾನು ಗುರುತು ಹಿಡಿಯುತ್ತೇನೆ.

ಆ ರಾತ್ರಿ ಊಟವಾದ ಮೇಲೆ ಸುನಂದಾ ಅವನ ಹಳೆಯ ಆಟಗಳನ್ನು ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಹತ್ತನೇ ನಂಬರಿನ ಅಂಗಿ. ಗೋಲು ಹೊಡೆಯುವವರ ಬೆನ್ನ ಹಿಂದೆ ನಿಂತು ಅವರಿಗೆ ಚೆಂಡು ಒದಗಿಸುವುದು ಇವನ ಕೆಲಸ. ಮನುಷ್ಯ ಇರುವಲ್ಲಿಗೆ ಅಲ್ಲ, ಅವನು ಓಡಿ ಮುಟ್ಟುವ ಜಾಗಕ್ಕೆ. ಇಬ್ಬರ ನಡುವೆ ಎಮ್ಮೆಯ ಬಾಲದಷ್ಟು ಸಂದು ಇದ್ದರೆ ಸಾಕು, ಚೆಂಡು ಅದರಲ್ಲಿ ನುಸುಳಿ ಹೋಗಿ ಸರಿಯಾದವನ ಕಾಲಿಗೆ ಬೀಳುತ್ತದೆ. ಕೊಟ್ಟವನು ಆ ಕಡೆ ನೋಡುವುದೂ ಇಲ್ಲ. ಜನ ಎದ್ದು ನಿಂತು ಕಿರುಚುತ್ತಿದ್ದಾರೆ.

ಮರುದಿನದಿಂದ ನಾನು ಅವನನ್ನು ಬಿಡಲಿಲ್ಲ. ಸುನಂದಾಳನ್ನು ನಡುವೆ ಕೂರಿಸಿಕೊಂಡು ಒಂದೊಂದೇ ಕೇಳಿದೆ. ಅವನ ಊರು ಸಮುದ್ರದ ನಡುವಿನ ಒಂದು ದ್ವೀಪ, ಕಾಲಿಮ್ನೋಸ್ ಅಂತ. ಅಲ್ಲಿಯೂ ನಮ್ಮ ಹಾಗೇ ಕಡಿದಾದ ಬಂಡೆಗಳು, ಹತ್ತಲು ದೇಶದೇಶದಿಂದ ಜನ. ಅಪ್ಪ ಸಮುದ್ರದ ತಳಕ್ಕೆ ಮುಳುಗಿ ಸ್ಪಂಜು ಕಿತ್ತು ತರುವವನು. ಇವನು ಆಡಿ ಬೆಳೆದದ್ದು ಇಳಿಜಾರಿನ ಓಣಿಯಲ್ಲಿ. ಚೆಂಡು ಕಾಲು ತಪ್ಪಿತೆಂದರೆ ಉರುಳಿ ಸೀದಾ ಸಮುದ್ರಕ್ಕೆ. ತರಲು ಈಜಬೇಕು, ಇಲ್ಲವೆಂದರೆ ಅಪ್ಪನ ಏಟು. ಅದಕ್ಕೇ ಕಾಲು ಅಷ್ಟು ಹದವಾದದ್ದು. ಹದಿನೈದಕ್ಕೆ ಅಥೆನ್ಸಿನ ತಂಡದವರು ಕರೆದುಕೊಂಡು ಹೋದರು. ಇಪ್ಪತ್ತಕ್ಕೆ ದೇಶದ ಅಂಗಿ ತೊಟ್ಟ. ಆಮೇಲೆ ಇಟಲಿ. ಅಲ್ಲಿನ ಪೇಪರಿನವರು ಇವನ ಕಾಲಿಗೆ ಕಣ್ಣಿದೆ ಎಂದು ಬರೆದರಂತೆ. ಆಮೇಲೆ ಏನಾಯಿತು ಎಂದರೆ ಬಾಯಿ ಬಿಡಲಿಲ್ಲ. ಇಟಲಿಯಿಂದ ಸೈಪ್ರಸ್, ಸೈಪ್ರಸ್ಸಿನಿಂದ ಮನೆ. ಹಿಂದಕ್ಕೇ ಚೆಂಡು ಕೊಡುವ ಹತ್ತನೇ ನಂಬರಿನವನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಹುಡುಗನಾಗಿದ್ದಾಗ ಕಲಿಸಿದ ಗುರು ಒಬ್ಬರು ಈಗ ಅಥೆನ್ಸಿನಲ್ಲಿ ಎರಡನೇ ದರ್ಜೆಯ ತಂಡವೊಂದನ್ನು ನೋಡಿಕೊಳ್ಳುತ್ತಾರಂತೆ. ಜನವರಿಯ ಒಳಗೆ ಬಂದರೆ ತೆಗೆದುಕೊಳ್ಳುತ್ತೇನೆ, ಆಮೇಲೆ ನಿನ್ನ ದಾರಿ ನಿನಗೆ ಎಂದು ಹೇಳಿ ಕಳಿಸಿದ್ದರು. ಅದೇ ಕೊನೆಯ ಬಾಗಿಲು. ಇವನು ಉತ್ತರವನ್ನೇ ಕೊಟ್ಟಿರಲಿಲ್ಲ.

"ಹೋಗಂಗಿಲ್ಲೇನ ನೀ?" ಎಂದೆ.

ಸುನಂದಾ ಕೇಳಿ ಹೇಳಿದಳು, "ಆಗಂಗಿಲ್ಲ ಅಂತಾನ್ರಿ."

"ಆಗಂಗಿಲ್ಲೋ, ಒಲ್ಲ್ಯೋ? ಎರಡೂ ಬ್ಯಾರೆ ಬ್ಯಾರೆ. ನೆಟ್ಟಗ ಕೇಳು."

ನಿನ್ನ ಅತ್ತಿಗೆ ಒಳಗಿನಿಂದ ಕೂಗಿದಳು, "ಏನ್ರೀ, ಆ ಹುಡುಗ ಉಣ್ಣಾಕ ಕುಂತಾಗರ ನಿಮ್ಮ ಬಾಯಿ ಸುಮ್ಮನಿರಲಿ! ಬಸ್ಸಿನ್ಯಾಗ ಜನಾನ್ನ ಬೈದಂಗ ಬೈಯಾಕ ಅಂವ ಟಿಕೀಟ ತಗೊಂಡಾನೇನ?"

ಇನ್ನೊಂದು ಸಂಗತಿ ಹೇಳಬೇಕು. ಪ್ರತಿ ಭಾನುವಾರ ಊಟದ ಹೊತ್ತಿಗೆ ಅವನಿಗೆ ಫೋನ್ ಬರುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಅದು ಗುಂಯ್ ಎಂದು ಒದ್ದಾಡಿ ಒದ್ದಾಡಿ ಸಾಯುತ್ತಿತ್ತು. ಇವನು ರೊಟ್ಟಿ ಮುರಿಯುತ್ತ ಕುಳಿತಿರುತ್ತಿದ್ದ, ಎತ್ತುತ್ತಿರಲಿಲ್ಲ. ಇಂಥದ್ದನ್ನು ಕಂಡರೆ ನನಗೆ ಯಾಕೆ ಉರಿಯುತ್ತದೆ ಎಂದು ನಿನಗೆ ಬೇರೆ ಹೇಳಬೇಕಿಲ್ಲ.

ಎಳ್ಳಮವಾಸ್ಯೆ ಬಂತು. ನೀನು ಬರುವುದನ್ನು ಬಿಟ್ಟಾಗಿನಿಂದ ಚೊಳಚಗುಡ್ಡದ ದಾರಿಯ ಹೊಲದಲ್ಲಿ ಭೂತಾಯಿಗೆಂದು ಅನ್ನ, ಕಡಬು ಎಸೆಯುತ್ತ ಚರಗ ಚೆಲ್ಲುವುದು ಹೆಂಗಸರು ಮತ್ತು ನಾನು ಹೇಗೋ ಮುಗಿಸುವ ಕೆಲಸವಾಗಿತ್ತು. ಮೊದಲೆಲ್ಲ ನಾನು ಮುಂದೆ ಚರಗ ಚೆಲ್ಲಿದರೆ ನೀನು ಹಿಂದೆ ನೀರು ಹಿಡಿದು ಬರುತ್ತಿದ್ದೆ, ನಿನ್ನ ಹಿಂದೆ ಅನಿಲ ಬರುತ್ತಿದ್ದ. ಈ ಸಲ ನನಗೆ ಸೊಂಟ ಹಿಡಿದಿತ್ತು. ನಿನ್ನ ಅತ್ತಿಗೆ ಚರಗದ ಬುಟ್ಟಿಯನ್ನು ಗ್ರೀಸಿನವನ ಕೈಗೆ ಕೊಟ್ಟು "ತಮ್ಮಾ, ನೀ ಚೆಲ್ಲು" ಅಂದಳು. ನಾನು ನೀರಿನ ತಂಬಿಗೆ ಹಿಡಿದು ಹಿಂದೆ ಹೊರಟೆ. ಜೋಳ ಎದೆಯ ಮಟ್ಟಕ್ಕೆ ನಿಂತಿತ್ತು. "ಹುಲ್ಲುಲ್ಲಿಗ್ಯೋ" ಎಂದು ಕೂಗಿ ಚೆಲ್ಲಬೇಕು ಎಂದು ಹೇಳಿಕೊಟ್ಟೆ. ಕೂಗುವುದನ್ನು ಚೆನ್ನಾಗಿಯೇ ಕೂಗಿದ, ಪಕ್ಕದ ಹೊಲದ ಹೊಳಬಸಪ್ಪನ ಮನೆಯವರು ಊಟ ಬಿಟ್ಟು ಎದ್ದು ನೋಡಿದರು. ಆದರೆ ಒಂದೊಂದು ಹಿಡಿ ಎಸೆದ ಮೇಲೂ ನಿಲ್ಲುತ್ತಾನೆ. ಬಗ್ಗಿ, ಜೋಳದ ದಂಟು ಸರಿಸಿ, ಕಡಬಿನ ಚೂರು ಎಲ್ಲಿ ಬಿತ್ತು ಎಂದು ಹುಡುಕುತ್ತಾನೆ. ಮತ್ತೆ ಒಂದು ಹಿಡಿ, ಮತ್ತೆ ಹುಡುಕಾಟ. ಬಿಸಿಲು ನೆತ್ತಿಗೆ ಬಂತು. ಹೊಟ್ಟೆ ಹಸಿದಿತ್ತು. ನಿನಗೆ ಗೊತ್ತಲ್ಲ, ನನಗೆ ಹಸಿವಾದರೆ ಏನಾಗುತ್ತದೆ ಎಂದು.

"ಏ ಹುಚ್ಚಪ್ಪಾ! ಚೆಲ್ಲಿದ್ದನ್ನ ಹೊಳ್ಳಿ ನೋಡಬಾರದಲೇ! ಹಕ್ಕಿ ತಿಂತಾವೋ, ಇರುವಿ ತಿಂತಾವೋ, ಮಣ್ಣ ತಿಂತೈತೋ, ಅದು ನಿನ್ನ ಕೆಲಸ ಅಲ್ಲ. ಕೈಯಿಂದ ಬಿಟ್ಟ ಮ್ಯಾಲ ಅದು ನಿಂದಲ್ಲ. ನಿಂದು ಚೆಲ್ಲೂದಷ್ಟ, ನಡೀ ಮುಂದ!"

ಎಂದಿನ ಹಾಗೆ ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. ಸುನಂದಾಳ ಕಡೆ ತಿರುಗಿ ಏನಂದರು ಎಂದು ಕೇಳಿದ. ಅವಳು ಹೇಳಿದಳು. ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ ಹೊಲದ ಕೊನೆಯ ಮಟ ಒಮ್ಮೆಯೂ ಬಗ್ಗದೆ, ತಿರುಗದೆ ಚೆಲ್ಲುತ್ತ ನಡೆದ. ಸೊಂಟ ಹಿಡಿದವನು ಹಿಂದೆ ಓಡಬೇಕಾಯಿತು. ಬದುವಿನ ಬನ್ನಿ ಗಿಡದ ಕೆಳಗೆ ಬುಟ್ಟಿ ಇಟ್ಟು ಕುಳಿತವನು ಮುಖ ಮುಚ್ಚಿಕೊಂಡು ಅತ್ತ. ನನ್ನ ಬೈಗುಳಕ್ಕೆ ಅತ್ತನೇನೋ ಎಂದು ನಿನ್ನ ಅತ್ತಿಗೆ ನನ್ನನ್ನು ಹೊಲದಲ್ಲೇ ತರಾಟೆಗೆ ತೆಗೆದುಕೊಂಡಳು.

ಊಟ ಬಡಿಸುವ ಹೊತ್ತಿಗೆ ತಾನಾಗಿಯೇ ಹೇಳಿದ. ಇಟಲಿಯ ತಂಡದಲ್ಲಿ ಅವನ ಸಂಗಡ ಅವನದೇ ದ್ವೀಪದ ಪಾನೋಸ್ ಎಂಬವನು ಇದ್ದ, ಗೋಲು ಹೊಡೆಯುವವನು. ಒಂದೇ ಓಣಿಯಲ್ಲಿ ಬೆಳೆದವರು. ಒಂದು ಆಟದಲ್ಲಿ ಇವನು ಮುಂದಕ್ಕೆ ಚೆಂಡು ಕೊಟ್ಟ, ಪಾನೋಸ್ ಅದರ ಹಿಂದೆ ಓಡಿದ, ಎದುರಿನ ತಂಡದಲ್ಲಿ ಗೋಲು ಕಾಯುವ ಗೋಲಿಯೂ ಓಡಿ ಬಂದ. ಇಬ್ಬರೂ ಡಿಕ್ಕಿ ಹೊಡೆದರು. ಪಾನೋಸನ ಕಾಲು ಎರಡು ಕಡೆ ಮುರಿಯಿತು. ಮತ್ತೆ ಅವನು ಆಡಲಿಲ್ಲ. ಅವತ್ತಿನಿಂದ ಇವನಿಗೆ ಮುಂದೆ ಓಡುವವನನ್ನು ಕಂಡರೆ ಕಾಲು ಮರಗಟ್ಟುತ್ತದೆ. ಚೆಂಡು ಕೊಡುವ ಮೊದಲೇ ಅದು ಎಲ್ಲಿ ಬೀಳುತ್ತದೆ, ಯಾರಿಗೆ ಏನಾಗುತ್ತದೆ ಎಂದು ಕಣ್ಣ ಮುಂದೆ ಬರುತ್ತದೆಯಂತೆ.

"ಭಾನುವಾರ ಫೋನ್ ಮಾಡೂದು ಯಾರು?" ಎಂದು ಕೇಳಿದೆ.

ಅವನೇ. ಪಾನೋಸ್.

ನಾನು ಏನೂ ಅನ್ನಲಿಲ್ಲ. ನಿಜವಾಗಿಯೂ ಅನ್ನಲಿಲ್ಲ, ಬೇಕಾದರೆ ಸುನಂದಾಳನ್ನು ಕೇಳು. ಮುಂದಿನ ಭಾನುವಾರದವರೆಗೆ ಬಾಯಿ ಮುಚ್ಚಿಕೊಂಡಿದ್ದೆ. ಭಾನುವಾರ ಊಟದ ಹೊತ್ತಿಗೆ ಫೋನ್ ಗುಂಯ್ ಎಂದಿತು. ಇವನು ರೊಟ್ಟಿ ಮುರಿದ. ನಾನು ಎದ್ದು ಹೋಗಿ ಎತ್ತಿಬಿಟ್ಟೆ. ಅದು ಮುಖ ಕಾಣುವ ಫೋನು. ಗಡ್ಡದವನೊಬ್ಬ ನನ್ನನ್ನು ನೋಡಿ ಬೆಚ್ಚಿಬಿದ್ದ.

"ಹಲೋ! ಪಾನೋಸಪ್ಪಾರೇನ್ರಿ? ಇಂವ ಇಲ್ಲೇ ಕುಂತಾನ್ರಿ, ರೊಟ್ಟಿ ತಿನ್ನಾಕತ್ತಾನ, ಆರಾಮ ಅದಾನ! ನಿಮಗ ಹೆದರ್ಯಾನ, ಅಷ್ಟ! ಹಿಡೀರಿ, ಕೊಡ್ತೇನಿ!"

ಆ ಗಡ್ಡದವನಿಗೆ ಏನು ತಿಳಿಯಿತೋ, ಹೊಟ್ಟೆ ಹಿಡಿದುಕೊಂಡು ನಕ್ಕ. ಫೋನನ್ನು ಇವನ ರೊಟ್ಟಿಯ ಮುಂದೆ ಇಟ್ಟೆ. ಇಬ್ಬರೂ ಅವರ ಭಾಷೆಯಲ್ಲಿ ಎಷ್ಟು ಮಾತಾಡಿದರು ಎಂದರೆ ನಿನ್ನ ಅತ್ತಿಗೆ ಪಲ್ಯವನ್ನು ಮತ್ತೆ ಬಿಸಿ ಮಾಡಿದಳು. ಪಾನೋಸ್ ತನ್ನ ಊರುಗೋಲನ್ನು ಎತ್ತಿ ನನಗೂ ತೋರಿಸಿದ. ಬಂದೂಕಿನ ಹಾಗೆ ಹಿಡಿದು ಇವನಿಗೆ ಗುರಿ ಇಟ್ಟ. ಅವನು ಏನಂದನೆಂದು ಇವನು ಆಮೇಲೆ ಸುನಂದಾಳಿಗೆ ಹೇಳಿದ. ಅವಳು ಅದನ್ನು ನನಗೆ ಹೇಳುವಾಗ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಚೆಂಡು ಚಲೋ ಇತ್ತು ಅಂತನ ನಾ ಓಡಿದ್ನಿ ಅಂದ್ನಂತ್ರಿ ಮಾಮಾ. ಕೆಟ್ಟ ಚೆಂಡು ಆಗಿದ್ರ ಓಡತಿರಲಿಲ್ಲಂತ. ನೀ ಕೊಡೂದ ಬಿಟ್ರ ನಾ ಓಡಿದ್ದಕ್ಕ ಏನ ಅರ್ಥ ಅಂತ ಕೇಳಿದ್ನಂತ."

ಸಂಕ್ರಮಣಕ್ಕೆ ಮೊದಲೇ ಅವನು ಹೊರಟ. ಅವನ ತಾಯಿಗೆಂದು ನಿನ್ನ ಅತ್ತಿಗೆ ಒಂದು ಇಳಕಲ್ ಸೀರೆ ಕೊಟ್ಟಳು. ಆ ತಾಯಿ ಅದನ್ನು ಕಿಟಕಿಗೆ ಪರದೆ ಮಾಡಿ ಹಾಕಿದ ಫೋಟೋ ಬಂದಿದೆ. ಸೆರಗು ಸಮುದ್ರದ ಕಡೆ ಹಾರುತ್ತಿದೆ. "ನಾ ಉಡಾಕ ಕೊಟ್ರ ಕಿಟಕಿಗೆ ಉಡಿಸ್ಯಾಳ!" ಎಂದು ನಿನ್ನ ಅತ್ತಿಗೆ ಎರಡು ದಿನ ಗೊಣಗಿದಳು, ಈಗ ಬಂದವರಿಗೆಲ್ಲ ಅದೇ ಫೋಟೋ ತೋರಿಸುತ್ತಾಳೆ. ನಿನ್ನ ಕರದಂಟಿನ ಡಬ್ಬಿಯಲ್ಲಿ ಉಳಿದದ್ದನ್ನು ನಾನು ಅವನ ಚೀಲಕ್ಕೆ ಹಾಕಿದೆ. ಅವರ ಕಡೆಯೂ ಎಳ್ಳು, ಜೇನು ಸೇರಿಸಿ ಹೀಗೇ ಏನೋ ಮಾಡುತ್ತಾರಂತೆ, ಇದು ಅದಕ್ಕಿಂತ ಗಟ್ಟಿ ಎಂದ.

ಹೋದವನನ್ನು ಗುರುಗಳು ತೆಗೆದುಕೊಂಡರು, ಆದರೆ ಕೂರಿಸಿಯೇ ಇಟ್ಟರು. ಮೊನ್ನೆ ಭಾನುವಾರ ಆಡಿಸುತ್ತಾರೆ ಎಂದು ತಿಳಿಯಿತು. ನಮ್ಮಲ್ಲಿ ದೀಪ ಹಚ್ಚುವ ಹೊತ್ತು, ಅಲ್ಲಿ ಇನ್ನೂ ಬಿಸಿಲು. ಸುನಂದಾಳ ಮೊಬೈಲನ್ನು ಅಕ್ಕಿಯ ಡಬ್ಬಿಗೆ ಒರಗಿಸಿ ಮೂವರೂ ಕುಳಿತೆವು. ಅರ್ಧ ಆಟ ಹೋಯಿತು, ಅವನಿಲ್ಲ. ಆಮೇಲೆ ಇಳಿದ. ಮೊದಲ ಚೆಂಡು ಹಿಂದಕ್ಕೆ. ಎರಡನೆಯದೂ ಹಿಂದಕ್ಕೆ.

"ಕೊಡಲೇ!" ಎಂದು ನಾನು ಕೂಗಿದೆ.

"ಅಂವಗ ಕೇಳಸ್ತೈತೇನ್ರೀ?" ಎಂದು ನಿನ್ನ ಅತ್ತಿಗೆ ನನ್ನ ತೊಡೆಗೆ ಗುದ್ದಿದಳು. ಗುದ್ದಿದ ಕೈ ಅಲ್ಲೇ ಉಳಿಯಿತು.

ಆಮೇಲೆ, ಶಂಕ್ರಾ, ಒಂದು ಚೆಂಡು ಅವನ ಕಾಲಿಗೆ ಬಂತು. ಮುಂದೆ ಒಬ್ಬ ಹುಡುಗ ಓಡಲು ಶುರುಮಾಡಿದ್ದ. ಇವನು ತಲೆ ಎತ್ತಲಿಲ್ಲ. ಇಬ್ಬರ ನಡುವಿನಿಂದ ಚೆಂಡು ಹೋಯಿತು, ಮುಂದಕ್ಕೆ. ಆ ಹುಡುಗ ಓಡಿದ. ಎದುರಿನ ಗೋಲಿಯೂ ಓಡಿ ಬಂದ. ಸುನಂದಾ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. ಹುಡುಗ ಒದ್ದ, ಚೆಂಡು ಕಂಬದ ಮೇಲೆ ಹಾರಿ ಎಲ್ಲಿಯೋ ಹೋಯಿತು, ಇಬ್ಬರೂ ಒಬ್ಬರ ಮೇಲೊಬ್ಬರು ಉರುಳಿ ಬಿದ್ದರು. ನನಗೆ ಗೋಲು ಬೇಕಿರಲಿಲ್ಲ. ಬಿದ್ದವನನ್ನೇ ನೋಡುತ್ತಿದ್ದೆ. ಮೊಬೈಲಿನ ಪರದೆಯಲ್ಲಿ ಮನುಷ್ಯ ಇರುವೆಯಷ್ಟು ಕಾಣುತ್ತಾನೆ. ಆ ಇರುವೆ ಅಲುಗಾಡಲಿಲ್ಲ. ನಿನ್ನ ಅತ್ತಿಗೆ ಬಸವಾ ಬಸವಾ ಎನ್ನುತ್ತಿದ್ದಳು.

ಎದ್ದ. ಆ ಹುಡುಗ ಎದ್ದ. ಮಣ್ಣು ಕೊಡವಿಕೊಂಡು, ಇವನ ಕಡೆ ತಿರುಗಿ ಹೆಬ್ಬೆರಳು ತೋರಿಸಿದ.

"ಎದ್ದ್ನವಾ, ಕಣ್ಣ ತಗಿ" ಎಂದೆ ಸುನಂದಾಳಿಗೆ. ಅವಳು ಬೆರಳ ಸಂದಿನಿಂದ ನೋಡಿದಳು. ಇವನು ಮೈದಾನದ ನಡುವೆ ತಲೆಯ ಮೇಲೆ ಕೈ ಹೊತ್ತು ನಿಂತು ನಗುತ್ತಿದ್ದ. ಈ ಸಲ ಅದು ನಗುವೇ. ಆಮೇಲೆ ಮತ್ತೆ ಕೊಟ್ಟ, ಮತ್ತೆ ಮುಂದಕ್ಕೆ. ಆಟವನ್ನು ಅವರು ಸೋತರು ಎಂದು ಸುನಂದಾ ಹೇಳಿದಳು. ಸೋಲಲಿ ಬಿಡು. ನಾನು ಎದ್ದು ಹೋಗಿ ಮುಖ ತೊಳೆದುಕೊಂಡೆ. ಅವತ್ತು ಬಂದದ್ದು ಬಹಳ ವರ್ಷದ ಮೇಲೆ ಬಂದ ನಿದ್ದೆ.

ಇದೇ ಸುದ್ದಿ. ಉಗಾದಿ ಮೂವತ್ತಕ್ಕೆ. ನಿನ್ನ ಅತ್ತಿಗೆ ಹೋಳಿಗೆ ಮಾಡುತ್ತಾಳೆ, ಹುನಗುಂದದಿಂದ ಮುಂಜಾನೆಯ ಬಸ್ಸಿಗೆ ಹತ್ತಿದರೆ ಊಟದ ಹೊತ್ತಿಗೆ ಇಲ್ಲಿರುತ್ತೀಯ. ಅಂಗಡಿಯನ್ನು ಒಂದು ದಿನ ವಿಜಯಮಹಾಂತೇಶ ನೋಡಿಕೊಳ್ಳಲಿ, ಅಪ್ಪನಿಲ್ಲದಿದ್ದರೆ ಜೋಳದ ಚೀಲಗಳೇನೂ ಎದ್ದು ಓಡಿ ಹೋಗುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಒಳ್ಳೆಯದಾಗಲಿ, ನಿನ್ನ ಮೊಣಕಾಲು ನೆಟ್ಟಗಾಗಲಿ, ಬಸವಣ್ಣ ನಿನ್ನನ್ನು ನನಗಿಂತ ಹೆಚ್ಚು ದಿನ ಇಟ್ಟಿರಲಿ.

ನಿನ್ನ ಅಣ್ಣ
ಅಂದಾನಪ್ಪ

ತಾ.ಕ.: ಮೇಲೆ ಇದನ್ನು ಬರೆಯಲು ಕೈ ಓಡಲಿಲ್ಲ, ಇಲ್ಲಿ ಬರೆಯುತ್ತೇನೆ. ಮೂರು ವರ್ಷದ ಹಿಂದೆ ಆ ರಾತ್ರಿ ನೀನು ಫೋನ್ ಮಾಡಿದ್ದೆ, ಹುಬ್ಬಳ್ಳಿಯಿಂದ ಬಂದು ಕುಳಗೇರಿ ಕ್ರಾಸಿನಲ್ಲಿ ಇಳಿದಿದ್ದೇನೆ, ಬಾದಾಮಿಯ ಬಸ್ಸು ಹೋಗಿಬಿಟ್ಟಿದೆ, ಅನಿಲನನ್ನು ಕಳಿಸು ಎಂದು. ಅವನ ಬೈಕಿಗೆ ಅಡ್ಡವಾದದ್ದು ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು. ಆ ರಸ್ತೆಯಲ್ಲಿ ನಾನೂ ಬಸ್ಸು ಹೊಡೆದಿದ್ದೇನೆ, ಅಂಥ ಟ್ರ್ಯಾಕ್ಟರು ಕಂಡು ಎಷ್ಟು ಸಲ ಎದೆ ಒಡೆದುಕೊಂಡಿದ್ದೇನೆ. ಅದು ನಿನ್ನ ಫೋನಿನಿಂದ ಆದದ್ದು ಎಂದು ನಾನು ಯಾವತ್ತೂ ಅಂದಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಮಣ್ಣು ಮಾಡುವಾಗ ನೀನು ದೂರ ನಿಂತೆ, ಹಿಡಿ ಮಣ್ಣು ಹಾಕಲೂ ಹತ್ತಿರ ಬರಲಿಲ್ಲ. ನನಗೆ ಆಗ ಮಾತೇ ಹೊರಡುತ್ತಿರಲಿಲ್ಲ, ನೀನು ಅದನ್ನು ಬೇರೆ ಅರ್ಥ ಮಾಡಿಕೊಂಡೆ. ಇವತ್ತು ಅನ್ನುತ್ತೇನೆ, ಅಲ್ಲ. ನಿನ್ನ ಫೋನ್ ಬಂದಾಗ ಅವನು ಊಟಕ್ಕೆ ಕುಳಿತಿದ್ದ. ಉಂಡು ಹೋಗು ಎಂದು ನಾವಿಬ್ಬರೂ ಹೇಳಿದೆವು. "ಕಾಕಾ ಬಂದಾನ, ಕರಕೊಂಡ ಬರ್ತೇನಿ, ಇಬ್ರೂ ಕೂಡೇ ಉಣ್ತೇವಿ" ಎಂದು ನಗುತ್ತ ತಾಟಿನ ಮೇಲೆ ತಾಟು ಮುಚ್ಚಿಟ್ಟು ಎದ್ದ. ಅವನನ್ನು ಯಾರೂ ಕಳಿಸಲಿಲ್ಲ ಶಂಕ್ರಾ, ಬಂದವನು ನೀನೆಂದು ಅವನು ಓಡಿದ. ಅವನು ನಿನ್ನನ್ನು ಮನೆಗೆ ಕರೆತರಲು ಹೋದವನು. ನೀನು ಇನ್ನೂ ಬಂದಿಲ್ಲ.